ಮಿಟುಕಿದ ಮೇಲೆ ಆರು ಹೆಸರು

ನಮ್ಮೂರು ದಿನಕ್ಕೊಂದು ಸಲ ಕಣ್ಣು ಮಿಟುಕಿಸುತ್ತದೆ. ಯಾವಾಗ ಅಂತ ಮಾತ್ರ ಕೇಳಬೇಡಿ. ಇವತ್ತು ಬೆಳಗಿನ ಚಹದ ಹೊತ್ತಿಗಾದರೆ ನಾಳೆ ದನ ಮನೆಗೆ ಬರುವ ಹೊತ್ತಿಗೆ. ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಚುವಷ್ಟು ಹೊತ್ತು ಕರೆಂಟು, ಬ್ಯಾಟರಿ, ಗಡಿಯಾರದ ಮುಳ್ಳು, ಫ್ಯಾನಿನ ರೆಕ್ಕೆ ಎಲ್ಲವೂ ನಿಂತುಬಿಡುತ್ತವೆ. ಆಮೇಲೆ ಎಲ್ಲವೂ ಹೊಸದಾಗಿ ಶುರು. ಮನುಷ್ಯರಿಗೆ ಏನೂ ಆಗುವುದಿಲ್ಲ. ಜಗಳವಾಡುತ್ತಿದ್ದವರು ಜಗಳವಾಡುತ್ತಲೇ ಇರುತ್ತಾರೆ. ಇದಕ್ಕೆ ನಾವು ಮಿಟುಕು ಅನ್ನುತ್ತೇವೆ. ನಮ್ಮ ಹಜಾಮ ಮಿಷನ್ನಿನ ಜೊತೆಗೆ ಕತ್ತರಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾನೆ, ಇಲ್ಲದಿದ್ದರೆ ಅರ್ಧ ತಲೆ ಹೊತ್ತುಕೊಂಡು ಕೂರಬೇಕಾಗುತ್ತದೆ. ಮದುವೆಗೆ ಕ್ಯಾಸೆಟ್ಟು ಹಚ್ಚುವವರಿಲ್ಲ, ವಾಲಗದವರೇ ಬೇಕು. ನೆಂಟರಿಗೆ ಹೇಳಿ ಕಳಿಸುವಾಗಲೂ ಮಿಟುಕು ಮುಗಿದ ಮೇಲೆ ಬನ್ನಿ, ಆಗ ಎಲ್ಲ ಸಸೂತ್ರ ನಡೆಯುತ್ತದೆ ಎಂದು ಹೇಳಿ ಕಳಿಸುತ್ತಾರೆ.

ಹೊಳೆಯ ದಂಡೆಗೆ ನಮ್ಮೂರ ಪಂಪ್‌ಹೌಸು. ಅದರ ಗೋಡೆಗೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಹೊಡೆದಿದ್ದಾರೆ. ಅದು ಕಂಪ್ಯೂಟರೇ, ಆದರೆ ಬಡವರ ಮನೆಯ ಕಂಪ್ಯೂಟರು. ಒಳಗೊಂದು ಹಸಿರು ಹಲಗೆ, ಹೊರಗೊಂದು ಅಂಗೈ ಅಗಲದ ಪರದೆ, ಅಕ್ಷರ ಸವೆದ ಕೀಬೋರ್ಡು, ಅಷ್ಟೇ. ಊರಿಗೆ ನೀರೆತ್ತುವ ಪಂಪು, ಚಾವಡಿಯ ಗಡಿಯಾರ, ತೋಟವ್ವನ ಹಿಟ್ಟಿನ ಗಿರಣಿ, ದವಾಖಾನೆಯಲ್ಲಿ ಔಷಧಿ ಇಡುವ ಫ್ರಿಜ್ಜು, ಬೀದಿಯ ದೀಪ, ಈ ಐದನ್ನೂ ನಡೆಸುವುದು ಅದೇ. ಪೆಟ್ಟಿಗೆಯಿಂದ ಹೊರಟ ಒಂದೇ ತಂತಿ ಊರೆಲ್ಲ ಸುತ್ತಿ ಐದಕ್ಕೂ ಮುಟ್ಟುತ್ತದೆ. ಮಿಟುಕು ಮುಗಿದ ಕೂಡಲೇ ಪೆಟ್ಟಿಗೆ ತಾನೇನೋ ಎದ್ದು ಕೂರುತ್ತದೆ. ಆದರೆ ಯಾರ ಗುರುತೂ ಹತ್ತುವುದಿಲ್ಲ. ಪಂಪು ಯಾರು, ಗಿರಣಿ ಯಾರು, ಅವುಗಳ ಭಾಷೆ ಯಾವುದು, ಒಂದೂ ತಿಳಿಯದೆ ಪಿಳಿಪಿಳಿ ನೋಡುತ್ತ ಕೂರುತ್ತದೆ.

ಅದಕ್ಕೇ ಪೆಟ್ಟಿಗೆಯ ಹೊಟ್ಟೆಯೊಳಗೆ ಡ್ರೈವರುಗಳು ಇದ್ದಾವೆ. ಬಸ್ಸು ಓಡಿಸುವವರಲ್ಲ ಮತ್ತೆ! ಪಂಪಿನ ಮಾತು ಪೆಟ್ಟಿಗೆಗೆ, ಪೆಟ್ಟಿಗೆಯ ಮಾತು ಪಂಪಿಗೆ ತಿಳಿಸುವ ದುಭಾಷಿಗಳು ಅಂದುಕೊಳ್ಳಿ. ಐದು ಯಂತ್ರಕ್ಕೆ ಐದು, ತಂತಿಗೆ ಒಂದು, ಒಟ್ಟು ಆರು. ಆರೂ ಮಹಾ ಸೋಮಾರಿಗಳು. ಯಾರಾದರೂ ಹೆಸರು ಹಿಡಿದು ಕರೆಯುವ ತನಕ ಏಳುವುದಿಲ್ಲ. ಹಾಗೆ ಕರೆಯುವವಳು ನಾನು, ಚಂಪಾಬಾಯಿ. ಊರವರಿಗೆಲ್ಲ ಚಂಪಕ್ಕ.

ಹತ್ತೊಂಬತ್ತು ವರ್ಷ ಇದೊಂದೇ ಕೆಲಸ ಮಾಡಿದೆ. ಪಂಪ್‌ಹೌಸಿನ ಪಕ್ಕದ ಕೋಣೆಯೇ ನನ್ನ ಮನೆ. ಮಿಟುಕು ಆಯಿತೋ, ಕೈಯಲ್ಲಿದ್ದ ರೊಟ್ಟಿ ಬಿಟ್ಟು ಓಡುವುದು, ಆರು ಹೆಸರು ಒತ್ತುವುದು. ನಾನು ಒತ್ತುವ ತನಕ ಊರಿಗೆ ಊರೇ ಕಾಯಬೇಕು. ಮಿಟುಕು ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲದ ಕಾರಣ ನಾನು ಕೂಗಳತೆ ದಾಟಿ ಎಲ್ಲಿಗೂ ಹೋದವಳಲ್ಲ. ಮದುವೆಯೂ ಆಗಲಿಲ್ಲ. ಚಂಪಕ್ಕ ಪೆಟ್ಟಿಗೆಯನ್ನೇ ಕಟ್ಟಿಕೊಂಡಳು ಎಂದು ಹುಡುಗಿಯರು ನಗುತ್ತಿದ್ದರು. ನಗಲಿ ಬಿಡಿ. ಹಾದಿಯಲ್ಲಿ ಹೋಗುವಾಗ ಗೌಡರು ಕೂಡ ನಿಂತು ಮಾತಾಡಿಸುತ್ತಿದ್ದರು. ನಲ್ಲಿಯಲ್ಲಿ ನೀರು ಬಂದಾಗಲೆಲ್ಲ ಬೀದಿಯ ಆ ತುದಿಯಿಂದ ಈ ತುದಿಯ ತನಕ "ಚಂಪಕ್ಕನ ಕೈ ತಣ್ಣಗಿರಲಿ" ಅನ್ನುವುದು ಕೇಳಿಸುತ್ತಿತ್ತು. ಈ ಸುಖ ಗಂಡ ಇದ್ದವರಿಗೂ ಇರಲಿಲ್ಲ.

ಈಗ ನಿಜ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಜೊತೆಗೊಂದು ಪುಸ್ತಕ ಬಂದಿತ್ತು. ಏಳನೇ ವರ್ಷದಲ್ಲೋ ಎಂಟನೇ ವರ್ಷದಲ್ಲೋ, ಹೊತ್ತು ಹೋಗದೆ ಅದನ್ನು ಓದಿದೆ. ಹನ್ನೆರಡನೇ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪೆಟ್ಟಿಗೆಯೊಳಗೆ ಒಂದು ಜಾಗವಿದೆ, ಅಲ್ಲಿ ಡ್ರೈವರುಗಳ ಹೆಸರನ್ನು ಸಾಲಾಗಿ ಒಂದು ಸಲ ಬರೆದಿಟ್ಟರೆ ಸಾಕು, ಪೆಟ್ಟಿಗೆ ಏಳುವಾಗಲೆಲ್ಲ ಆ ಪಟ್ಟಿ ಓದಿಕೊಂಡು ತಾನೇ ಒಂದೊಂದಾಗಿ ಕರೆದುಕೊಳ್ಳುತ್ತದೆ. ಓದಿದೆ, ಪುಸ್ತಕ ಮುಚ್ಚಿದೆ, ಅಕ್ಕಿ ಡಬ್ಬಿಯ ಕೆಳಗಿಟ್ಟೆ. ಯಾರಿಗೂ ಹೇಳಲಿಲ್ಲ. ಪೆಟ್ಟಿಗೆ ತಾನೇ ಕರೆದುಕೊಂಡರೆ ಚಂಪಕ್ಕನನ್ನು ಕರೆಯುವವರು ಯಾರು?

ನನಗೊಬ್ಬಳು ಅಕ್ಕ ಇದ್ದಾಳೆ, ನೀಲಾಬಾಯಿ ಅಂತ. ಹೊಳೆಯಾಚೆಗೆ ಕೊಟ್ಟಿದ್ದಾರೆ. ದೋಣಿಯಲ್ಲಿ ಒಂದು ತಾಸು, ಇಳಿದು ಎರಡು ತಾಸಿನ ನಡಿಗೆ. ಆಚೆಗೆ ಮಿಟುಕು ಗಿಟುಕು ಏನೂ ಇಲ್ಲ. ನಾನು ಹೋಗಲಾರೆನೆಂದು ಅವಳೇ ತಿಂಗಳಿಗೊಂದು ಸಲ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ನಮಗಿಬ್ಬರಿಗೂ ಬೇರೆ ಯಾರಿಲ್ಲ. ಹೋದ ಮಾಗಿಯಲ್ಲಿ ಬಂದವಳು ದಂಡೆ ಹತ್ತುವಾಗ ಎರಡು ಸಲ ಕೂತಳು. ನನ್ನ ಕೋಣೆಗೆ ಬಂದು ಕಾಲು ಚಾಚಿ ಮೊಣಕಾಲು ನೀವಿಕೊಂಡಳು.

"ಚಂಪಾ, ಇದು ಕಡೀ ಸಲ. ನನ್ನ ಮೊಣಕಾಲು ಇನ್ನ ದೋಣಿ ಹತ್ತೂದಿಲ್ಲ ಅಂತಾವ" ಅಂದಳು.

"ಎಣ್ಣಿ ಹಚ್ಚಿ ತಿಕ್ಕತೀನಿ ತಡಿ" ಅಂದೆ.

"ಎಣ್ಣೀಗೆ ಬಗ್ಗೂ ನೋವಲ್ಲ ಇದು. ಹತ್ತೊಂಬತ್ತು ವರ್ಷ ನಾನ ಬಂದೀನಿ. ಇನ್ನ ನೀ ಬಾ. ನನ್ನ ಮನಿ ಬಾಗಿಲು ಯಾವ ಕಡೆ ಮುಖಾ ಮಾಡೈತಿ ಅನ್ನೂದರ ಗೊತ್ತೈತೇನ ನಿನಗ?"

"ನಾ ಬಂದ್ರ ಊರಿಗೆ ನೀರು ಬಿಡೂದು ಯಾರಕ್ಕಾ?"

"ನೀ ಹುಟ್ಟೂಕಿಂತ ಮೊದಲ ಈ ಊರು ನೀರ ಕುಡಿದಿಲ್ಲೇನ?" ಅಂದಳು ಅಕ್ಕ. ಸಿಟ್ಟಿನಿಂದಲ್ಲ, ದಣಿದು. ಹೋಗುವಾಗ ಹಿಂದಿರುಗಿ ನೋಡಲಿಲ್ಲ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಅಕ್ಕಿ ಡಬ್ಬಿ ಎತ್ತಿ ಪುಸ್ತಕ ತೆಗೆದೆ. ಓದಿದ್ದೇ ಹೊರತು ಮಾಡಿ ಗೊತ್ತಿಲ್ಲ. ಹೀಗಾಗಿ ರೇಡಿಯೊ ರಿಪೇರಿಯ ಮಕ್ತುಂಸಾಬರಿಗೆ ಹೇಳಿ ಕಳಿಸಿದೆ. ಅರವತ್ತು ದಾಟಿದ ಮನುಷ್ಯ, ಕನ್ನಡಕಕ್ಕೆ ಒಂದು ಕಿವಿಯ ಕಡೆ ದಾರ. ಮಿಟುಕು ಆದಾಗಲೆಲ್ಲ ಅಂಗಡಿಯ ರೇಡಿಯೊಗಳನ್ನು ಒಂದೊಂದಾಗಿ ಮತ್ತೆ ಹಚ್ಚುತ್ತ ಅವರಿಗೂ ಸಾಕಾಗಿತ್ತು. ಪುಸ್ತಕ ತಿರುವಿ ಹಾಕಿದರು. ಹನ್ನೆರಡನೇ ಹಾಳೆಗೆ ಬಂದವರು ಕನ್ನಡಕ ಮೇಲೇರಿಸಿದರು.

"ಚಂಪಕ್ಕಾ, ಇದರಾಗ ಎಲ್ಲಾ ಬರದಾರಲ್ರಿ! ಯಾರೋ ಪೆನ್ಸಿಲ್ಲೀಲೆ ಗೆರಿ ಬ್ಯಾರೆ ಹೊಡದಾರ."

"ಇಲಿ ಇರಬೇಕ್ರಿ ಸಾಬ್ರ" ಅಂದೆ.

"ನಿಮ್ಮ ಮನ್ಯಾಗಿನ ಇಲಿ ಪೆನ್ಸಿಲ್ಲೂ ಹಿಡಿತಾವಂದ್ರ ಭಾಳ ಶಾಣ್ಯಾ ಬಿಡ್ರಿ" ಅಂದರು ಮಕ್ತುಂಸಾಬರು. ನನ್ನ ಮುಖ ನೋಡಿದರು. ಅಷ್ಟಕ್ಕೇ ಸುಮ್ಮನಾದರು, ದೊಡ್ಡ ಮನಸ್ಸು. ಆ ಮಾತನ್ನು ಇವತ್ತಿನ ತನಕ ಎಲ್ಲೂ ಎತ್ತಿಲ್ಲ.

ಪಟ್ಟಿ ಬರೆಯುವುದು ಐದು ನಿಮಿಷದ ಕೆಲಸ. ಆದರೆ ಪೆಟ್ಟಿಗೆ ಊರಿನದು, ಪಂಚಾಯ್ತಿಗೆ ಕೇಳದೆ ಮುಟ್ಟುವಂತಿಲ್ಲ. ಕೇಳಿದೆವು. ಅಲ್ಲಿಗೆ ಮುಗಿಯಿತು ಕಥೆ. ನಮ್ಮೂರಲ್ಲಿ ಪಂಕ್ತಿಯಲ್ಲಿ ಮೊದಲನೇ ಎಲೆ ಯಾರದು, ಎರಡನೇ ಎಲೆ ಯಾರದು ಅನ್ನುವುದು ಸಣ್ಣ ಮಾತಲ್ಲ. ಮೂವತ್ತು ವರ್ಷದ ಹಿಂದೆ ಒಂದು ಮುಂಜಿವೆಯಲ್ಲಿ ಎಲೆ ಹಿಂದುಮುಂದಾಗಿದ್ದಕ್ಕೆ ಎರಡು ಮನೆಯವರು ಇವತ್ತಿಗೂ ಒಂದೇ ಬಾವಿಗೆ ಬೇರೆ ಬೇರೆ ಹಗ್ಗ ಇಳಿಸುತ್ತಾರೆ. ಪೆಟ್ಟಿಗೆಯಲ್ಲಿ ಹೆಸರು ಸಾಲಾಗಿ ಬರೆಯಬೇಕು, ಅದು ಸಾಲಾಗಿಯೇ ಕರೆಯುತ್ತದೆ ಎಂದು ಮಕ್ತುಂಸಾಬರು ಹೇಳಿದ್ದೇ ತಡ, ಎಲ್ಲರೂ ನೆಟ್ಟಗೆ ಕೂತರು.

"ಮೊದಲನೇ ಹೆಸರು ಗಡಿಯಾರದ್ದ ಆಗಬೇಕು. ಅದು ನಮ್ಮ ಮುತ್ತ್ಯಾ ಊರಿಗೆ ಕೊಟ್ಟದ್ದು" ಅಂದರು ಅಡಿವೆಪ್ಪಗೌಡರು.

"ಗಡಿಯಾರ ನೋಡಿದ್ರ ಹೊಟ್ಟಿ ತುಂಬತೈತೇನ್ರಿ ಗೌಡ್ರ? ಗಿರಣಿ ಮೊದಲ ಬರೀರಿ" ಅಂದಳು ತೋಟವ್ವ.

ದವಾಖಾನೆಯ ಕಾಂಪೌಂಡರು ಎದ್ದುನಿಂತು ಫ್ರಿಜ್ಜಿನೊಳಗೆ ಮಕ್ಕಳಿಗೆ ಹಾಕುವ ಲಸಿಕೆ ಇದೆ, ಅದಕ್ಕಿಂತ ದೊಡ್ಡದು ಯಾವುದು ಎಂದು ಕೇಳಿದರು. ಮಧ್ಯಾಹ್ನ ಶುರುವಾದದ್ದು ದೀಪ ಹಚ್ಚುವ ಹೊತ್ತಾಯಿತು. ಮಧ್ಯೆ ಒಂದು ಸಲ ಮಿಟುಕು ಆಗಿ ನಾನು ಓಡಿಹೋಗಿ ಹೆಸರು ಒತ್ತಿ ಬಂದೆ. ಬಂದಾಗಲೂ ಗಿರಣಿ ಗಡಿಯಾರದ ಮುಂದೋ ಹಿಂದೋ ಎಂಬಲ್ಲೇ ಇದ್ದರು. ಕಡೆಗೆ ಪಂಕ್ತಿಯ ಲೆಕ್ಕದಲ್ಲೇ ತೀರ್ಮಾನವಾಯಿತು: ಗಡಿಯಾರ, ಫ್ರಿಜ್ಜು, ಗಿರಣಿ, ಪಂಪು, ದೀಪ.

"ತಂತಿ ಮೊದಲ ಬರೀಬೇಕ್ರಿ. ನಾ ದಿನಾ ತಂತೀನ ಮೊದಲ ಕರಿತೀನಿ" ಅಂದೆ.

"ತಂತಿ ಯಾರ ಮನಿತನದ್ದು?" ಎಂದು ಗೌಡರು ಕೇಳಿದರು. ಎಲ್ಲರೂ ನಕ್ಕರು. ತಂತಿ ಕೊಟ್ಟವರಿಲ್ಲ, ಅದರ ಪರವಾಗಿ ಕೇಳುವವರಿಲ್ಲ. ಅದರ ಹೆಸರು ಆರನೆಯದಾಗಿ ಕಡೆಗೆ ಹೋಯಿತು. ನಾನು ಇನ್ನೊಂದು ಸಲ ಹೇಳಬಹುದಿತ್ತು. ಮಕ್ತುಂಸಾಬರಿಗೆ ತಿಳಿಸಿ ಹೇಳಬಹುದಿತ್ತು, ಅವರಿಗೆ ಪೆಟ್ಟಿಗೆಯ ದಿನದ ರೂಢಿ ಗೊತ್ತಿರಲಿಲ್ಲ. ಹೇಳಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ, ಆಗದಿದ್ದರೆ ಆಗದಿರಲಿ ಎಂದು ಯಾರೋ ಕೂತಿದ್ದರು. ಆ ಯಾರೋ ನಾನೇ.

ಮಕ್ತುಂಸಾಬರು ಆ ರಾತ್ರಿಯೇ ಪೆಟ್ಟಿಗೆಯಲ್ಲಿ ಪಟ್ಟಿ ಬರೆದಿಟ್ಟರು. ಮರುದಿನ ಮಿಟುಕು ಬೆಳಗ್ಗೆಯೇ ಬಂತು. ಅದನ್ನೇ ಕಾಯುತ್ತ ಊರೆಲ್ಲ ನಸುಕಿನಿಂದಲೇ ಪಂಪ್‌ಹೌಸಿನ ಮುಂದೆ ಸೇರಿತ್ತು. ನಾನು ಕೈಕಟ್ಟಿ ನಿಂತೆ. ಪೆಟ್ಟಿಗೆ ಎದ್ದಿತು, ಪಟ್ಟಿ ತೆಗೆಯಿತು, ಗಡಿಯಾರದ ಡ್ರೈವರನ್ನು ಕರೆಯಿತು. ಅದು ಎದ್ದು ನೋಡಿದರೆ ಗಡಿಯಾರಕ್ಕೆ ಹೋಗುವ ತಂತಿಗೇ ಇನ್ನೂ ಎಚ್ಚರವಿಲ್ಲ. ಹಾದಿಯೇ ಇಲ್ಲದ ಮೇಲೆ ಎಲ್ಲಿಗೆ ಹೋದೀತು? ಮತ್ತೆ ಮಲಗಿತು. ಫ್ರಿಜ್ಜಿನದು ಹಾಗೇ, ಗಿರಣಿಯದು ಹಾಗೇ, ಪಂಪಿನದು ಹಾಗೇ, ದೀಪದ್ದು ಹಾಗೇ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಐದು ಸಾಲು ಬಂದವು. ಎಲ್ಲರೂ ಮಲಗಿದ ಮೇಲೆ ತಂತಿ ಒಂದೇ ಎದ್ದು ಕೂತಿತು, ಪಾಪ. ಅಷ್ಟರಲ್ಲಿ ಅಡಿವೆಪ್ಪಗೌಡರು ತಲೆಗೆ ಸೀಗೆಕಾಯಿ ಹಚ್ಚಿಕೊಂಡಂತೆಯೇ, ಕಣ್ಣು ಮುಚ್ಚಿಕೊಂಡು, ಆಳಿನ ಕೈ ಹಿಡಿದು ಬಂದರು.

"ನೀರು ನಿಂತೈತಿ! ಚಂಪವ್ವಾ, ಎಲ್ಲಿದ್ದೀಯ ತಾಯಿ?"

ನಾನು ಕೂತು ಆರು ಹೆಸರು ಒತ್ತಿದೆ, ತಂತಿಯಿಂದ ಶುರು ಮಾಡಿ. ಪಂಪು ಗುರುಗುಟ್ಟಿತು. "ಚಂಪಕ್ಕ ಇಲ್ಲಂದ್ರ ಊರು ಇಲ್ಲ ನೋಡ್ರಿ" ಎಂದು ಯಾರೋ ಅಂದರು. ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿಹೋದೆ. ಮಕ್ತುಂಸಾಬರು ಮಾತ್ರ ಮೂಲೆಯಲ್ಲಿ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

ಅದೇ ಸಂಜೆ ದೋಣಿ ನಡೆಸುವ ಹುಚ್ಚೀರಪ್ಪ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಹೋಳಿಗೆ.

"ನಿಮ್ಮಕ್ಕ ದಂಡೀ ತನಕ ಯಾರದೋ ಕೈಯಾಗ ಕೊಟ್ಟು ಕಳಿಸ್ಯಾರ್ರಿ. ಕುಂತ ಲಟ್ಟಿಸೀನಿ ಅಂತ ಹೇಳಂದ್ರು. ಇಬ್ಬರದೂ ಪಾಲು ಅದರಾಗ ಐತಂತ, ಒಬ್ಬಾಕಿನ ಉಣ್ಣು ಅಂದ್ರು" ಅಂದ.

ಒಂದು ಹೋಳಿಗೆ ಮುರಿದು ಬಾಯಿಗಿಟ್ಟೆ. ಊರೆಲ್ಲ ನನ್ನ ಕೈ ತಣ್ಣಗಿರಲಿ ಅನ್ನುತ್ತಿರುವಾಗ ನನ್ನ ಅಕ್ಕ ಹೊಳೆಯಾಚೆ ಒಬ್ಬಳೇ ಕೂತು ಎರಡು ಜನರ ಹೋಳಿಗೆ ಲಟ್ಟಿಸಿದ್ದಾಳೆ. ಥೂ ನಿನ್ನ, ಚಂಪಿ, ಎಂದು ನನಗೆ ನಾನೇ ಅಂದುಕೊಂಡೆ. ಡಬ್ಬಿ ಮುಚ್ಚಿದೆ, ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಗೌಡರ ಮನೆಗೆ ನಡೆದೆ. ಅವರು ಕಟ್ಟೆಯ ಮೇಲೆ ಕೂತಿದ್ದರು.

"ಗೌಡ್ರ, ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಪಂಕ್ತಿ ಆದ್ರ ಮೊದಲ ಅಂಗಳಕ್ಕ ಬರೋರು ಯಾರು?"

"ಯಾರು ಅಂದ್ರ? ಹಿರೇರು."

"ಅವರು ಬರೂಕಿಂತ ಮೊದಲ್ರಿ?"

ಗೌಡರು ಮೀಸೆ ಸವರಿಕೊಂಡರು. "ಕಸಾ ಹೊಡದು ಎಲಿ ಹಾಕಾಂವ ಬರ್ತಾನ."

"ಅಂವ ಮೊದಲ ಬಂದ ಅಂತ ಹಿರೇರ ಮರ್ಯಾದಿ ಕಮ್ಮಿ ಆಗತೈತೇನ್ರಿ?"

"ಏ, ಹೆಂಗ ಆದೀತು? ಅಂವ ತಡಾ ಮಾಡಿದ್ರ ಮರ್ಯಾದಿ ಹೋಗತೈತಿ" ಅಂದರು. ಅಂದವರೇ ನನ್ನ ಮುಖ ನೋಡಿದರು. ಬುದ್ಧಿವಂತರು, ಹೇಳಿಸಿಕೊಳ್ಳುವವರಲ್ಲ. "ಅಂದ್ರ ತಂತಿ ಎಲಿ ಹಾಕಾಂವ ಅಂತೀಯೇನು?"

"ಹೌದ್ರಿ. ಮೊದಲ ಕುಂಡ್ರೋರು ಬ್ಯಾರೆ, ಮೊದಲ ಎಲಿ ಹಾಕೋರು ಬ್ಯಾರೆ."

"ಇದನ್ನ ಅವತ್ತ ಹೇಳಬಾರದೇನು? ತಲಿ ತುಂಬ ಸೀಗೀಕಾಯಿ ಹಚ್ಕೊಂಡು ಊರ ಮುಂದ ಓಡಿಸಿದೆಲ್ಲ ನನ್ನ!"

"ತಪ್ಪಾತ್ರಿ ಗೌಡ್ರ" ಅಂದೆ. ಆ ತಪ್ಪು ಎಷ್ಟು ಹಳೆಯದು ಎಂದು ಅವರಿಗೇನು ಗೊತ್ತು! ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಗೌಡಶಾನಿ ಚಹ ತಂದರು. ಚಹ ಕುಡಿದು ಬಂದೆ.

ಮಕ್ತುಂಸಾಬರು ಬಂದು ಪಟ್ಟಿಯಲ್ಲಿ ತಂತಿಯನ್ನು ಮೇಲಕ್ಕೆ ತಂದರು. ಉಳಿದ ಐದಕ್ಕೂ ಪಂಚಾಯ್ತಿಯಲ್ಲಿ ತೀರ್ಮಾನವಾದ ಜಾಗವೇ, ಯಾರಿಗೂ ಕೊರತೆಯಾಗಲಿಲ್ಲ. ಎಂಟು ದಿನ ಪರೀಕ್ಷೆ ಮಾಡೋಣ, ಎಂಟು ದಿನವೂ ಪೆಟ್ಟಿಗೆ ತಾನೇ ಎಲ್ಲರನ್ನೂ ಎಬ್ಬಿಸಿದರೆ ನೀವು ಹೊಳೆ ದಾಟಿರಿ ಅಂದರು ಸಾಬರು. ಫ್ರಿಜ್ಜು ಅರ್ಧ ದಿನ ಎಚ್ಚರವಾಗದಿದ್ದರೂ ಲಸಿಕೆ ಕೆಟ್ಟುಹೋಗುತ್ತದೆ; ಅದನ್ನು ಕೈಯಾರೆ ಎಬ್ಬಿಸಿ ರೂಢಿಯಿದ್ದವರು ನನ್ನ ಹೊರತು ಊರಲ್ಲಿ ಇನ್ನೊಬ್ಬರಿಲ್ಲ.

ಮೊದಲನೇ ದಿನ ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಫ್ಯಾನು ನಿಂತಿತು. ಎದ್ದು ಓಡಿಹೋಗಿ ಪೆಟ್ಟಿಗೆಯ ಮುಂದೆ ಕೂತೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡೆ, ಎಲ್ಲಿ ಅಭ್ಯಾಸಬಲದಿಂದ ಒತ್ತಿಬಿಡುತ್ತವೋ ಅಂತ. ಪೆಟ್ಟಿಗೆ ಎದ್ದಿತು. ತಂತಿ. ಆಮೇಲೆ ಗಡಿಯಾರ, ಫ್ರಿಜ್ಜು, ಗಿರಣಿ, ಪಂಪು, ದೀಪ. ನಾನು ಒಂದು ಹೆಸರು ಒತ್ತುವಷ್ಟರಲ್ಲಿ ಅದು ಆರನ್ನೂ ಕರೆದು ಮುಗಿಸಿತ್ತು. ಆಚೆ ಪಂಪು ತನ್ನ ಪಾಡಿಗೆ ತಾನು ಗುರುಗುಟ್ಟತೊಡಗಿತು. ನನಗೆ ಸಂತೋಷವಾಯಿತು, ಎದೆಯಲ್ಲಿ ಮುಳ್ಳೂ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಹತ್ತೊಂಬತ್ತು ವರ್ಷದ ಕೆಲಸ ಒಂದು ಉಸಿರಿನಲ್ಲಿ ಮುಗಿದುಹೋಯಿತು. ಸ್ವಲ್ಪ ಹೊತ್ತು ಅತ್ತು, ಹೋಗಿ ಜೋಳ ಹಸನು ಮಾಡಿದೆ.

ಎಂಟು ದಿನವೂ ತಪ್ಪಲಿಲ್ಲ. ಒಂಬತ್ತನೇ ದಿನ ಹೊಸ ಇಳಕಲ್ ಸೀರೆ ಉಟ್ಟು ದೋಣಿ ಹತ್ತಿದೆ. ಒಂದು ರಾತ್ರಿ ಇದ್ದು ಮರುದಿನ ಬರುತ್ತೇನೆ ಎಂದು ಊರಿಗೆಲ್ಲ ಸಾರಿ ಹೇಳಿದ್ದೆ. ಏನಾದರೂ ಹೆಚ್ಚುಕಮ್ಮಿಯಾದರೆ ಹುಚ್ಚೀರಪ್ಪನನ್ನು ನನ್ನ ಕಡೆಗೆ ಓಡಿಸಿರಿ ಎಂದು ಮಕ್ತುಂಸಾಬರಿಗೆ ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ "ನೀವು ಮೊದಲ ಹೋಗ್ರಿ ಚಂಪಕ್ಕಾ" ಅಂದರು. ದೋಣಿ ದಂಡೆ ಬಿಟ್ಟಾಗ ಕಾಲಿನ ಕೆಳಗಿನ ನೆಲವೇ ಹೋದಂತಾಯಿತು. ಇಳಿದ ಮೇಲೂ ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತ ನಡೆದೆ.

ಅಕ್ಕನ ಮನೆಯ ಬಾಗಿಲು ಮೂಡಣಕ್ಕಿತ್ತು. ಎರಡೂ ಕಡೆ ತುಳಸಿ ಕುಂಡ. ಅಕ್ಕ ನನ್ನನ್ನು ನೋಡಿದಳು, ಗೋಡೆ ಹಿಡಿದು ಎದ್ದಳು, ಮತ್ತೆ ಕೂತುಬಿಟ್ಟಳು.

"ಪೆಟ್ಟಿಗೆ ಸತ್ತೋತೇನ?" ಅಂದಳು.

"ನಿನ್ನ ಬಾಯಾಗ ಮಣ್ಣು ಬೀಳಲಿ! ಅದು ಈಗ ತನ್ನ ಕೆಲಸ ತಾನ ಮಾಡಿಕೊಂತೈತಿ" ಅಂದೆ.

ಅಕ್ಕ ನನ್ನ ಕೈ ಹಿಡಿದುಕೊಂಡಳು, ಅಡುಗೆಯಾಗುವ ತನಕ ಬಿಡಲಿಲ್ಲ. ನಾನು ಒಂದೇ ಕೈಯಲ್ಲಿ ಬದನೆಕಾಯಿ ತೊಳೆದೆ. ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ತಾಟಿನ ಮುಂದೆ ಕೂತೆನೇನೋ ಹೌದು, ಕಿವಿಯೆಲ್ಲ ಹೊಳೆಯ ಕಡೆಗೆ. ಹೊರಗೆ ನಾಯಿ ಬೊಗಳಿದರೆ ಎದ್ದೆ. ಎಮ್ಮೆ ಹೊಡೆದುಕೊಂಡು ಯಾರೋ ಕೂಗುತ್ತ ಹೋದರೆ ಎದ್ದೆ. ಈಗ ಮಿಟುಕಿರಬಹುದು, ಈಗ ಕೆಂಪು ಅಕ್ಷರ ಬಂದಿರಬಹುದು, ಈಗ ಹುಚ್ಚೀರಪ್ಪ ಹುಟ್ಟು ಹಾಕುತ್ತಿರಬಹುದು. ಮಧ್ಯಾಹ್ನವಾಯಿತು. ಹೊತ್ತು ಇಳಿಯಿತು. ಯಾರೂ ಬರಲಿಲ್ಲ. ಮರುದಿನ ಬೆಳಗಾಯಿತು. ಆಗಲೂ ಯಾರೂ ಬರಲಿಲ್ಲ.

"ಯಾರ ಹಾದಿ ನೋಡಾಕತ್ತಿ?" ಎಂದು ಅಕ್ಕ ಕೇಳಿದಳು.

"ಊರಿಂದ ಯಾರರ ಕರಿಯಾಕ ಬರ್ತಾರೇನೋ ಅಂತ."

"ಬಂದಿಲ್ಲಂದ್ರ ಚಲೋ ಆತಲ್ಲ?"

"ಚಲೋ ಆತಕ್ಕಾ. ಅದಕ್ಕ ಅಳು ಬರಾಕತ್ತೈತಿ" ಅಂದೆ. ಅಕ್ಕ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆದರೂ ಮಾತು ಕೊಟ್ಟಿದ್ದೆನಲ್ಲ, ಮಧ್ಯಾಹ್ನ ಹೊರಟೆ. ಅಕ್ಕ ಬಾಗಿಲಿನ ತನಕ ಬಂದಳು. ಮತ್ತೆ ಯಾವಾಗ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಳೆಗೆ ಬರುವಷ್ಟರಲ್ಲಿ ಹುಚ್ಚೀರಪ್ಪನ ದೋಣಿ ಕಾದಿತ್ತು. ಹತ್ತಿ ಕೂತ ಕೂಡಲೇ ಕೇಳಿದೆ.

"ನಿನ್ನೆ ಮಿಟುಕು ಎಷ್ಟೊತ್ತಿಗೆ ಆತೋ ಹುಚ್ಚೀರಪ್ಪಾ?"

ಅವನು ಹುಟ್ಟು ಹಾಕುತ್ತ ಯೋಚನೆ ಮಾಡಿದ. ಸ್ವಲ್ಪ ಜಾಸ್ತಿ ಹೊತ್ತೇ ಮಾಡಿದ.

"ಆಗಿರಬೇಕ್ರಿ."

"ಆಗಿರಬೇಕು ಅಂದ್ರ?"

"ಚಹಾದಂಗಡ್ಯಾಗ ಮಾತು ಬಂದಿತ್ರಿ. ಕೆಲವರು ಆತು ಅಂದ್ರು, ಕೆಲವರು ಎಲ್ಲಿ ಆತೋ ಅಂದ್ರು. ಗೌಡ್ರು ತಮಗ ಗೊತ್ತಾಗಲಿಲ್ಲ ಅಂದ್ರು. ಆಮ್ಯಾಲ ತೋಟವ್ವನ ಎಮ್ಮಿ ಕರು ಹಾಕಿದ ಮಾತು ಬಂತು, ಅದರಾಗ ಇದು ಹೋತು."

"ನೀರು ಬಂದಿತ್ತೇನು?"

"ನೀರು ಯಾವಾಗ ನಿಂತಿತ್ರಿ?" ಎಂದು ಅವನು ನನ್ನನ್ನೇ ಕೇಳಿದ.

ದೋಣಿ ನಡುಹೊಳೆಗೆ ಬಂದಿತ್ತು. ಈ ಕಡೆ ನಮ್ಮೂರಿನ ಪಂಪ್‌ಹೌಸು ಕಾಣುತ್ತಿತ್ತು, ನೀರೆತ್ತುವ ಸದ್ದು ಇಲ್ಲಿಯ ತನಕ ಕೇಳುತ್ತಿತ್ತು. ಇಡೀ ಊರು, ಮಿಟುಕನ್ನೇ ಹಿಡಿದು ಹೊತ್ತು ಅಳೆಯುತ್ತಿದ್ದ ಊರು, ಅದು ಆದದ್ದನ್ನೇ ಗಮನಿಸಿರಲಿಲ್ಲ. ಎದೆಯಲ್ಲಿ ಮತ್ತೆ ಚುಚ್ಚುತ್ತದೇನೋ ಎಂದು ಕಾದೆ. ಚುಚ್ಚಲಿಲ್ಲ. ಬದಲಿಗೆ ಹೊಟ್ಟೆಯಿಂದ ನಗು ಎದ್ದು ಬಂತು. ದೋಣಿ ಅಲ್ಲಾಡುವಷ್ಟು ನಕ್ಕೆ.

"ದೋಣಿ ತಿರುಗಿಸೋ ಹುಚ್ಚೀರಪ್ಪಾ" ಅಂದೆ.

ಅವನು ಹುಟ್ಟು ಎತ್ತಿ ಹಿಡಿದು ನನ್ನನ್ನೇ ನೋಡಿದ. "ಯಾಕ್ರಿ, ಅಕ್ಕಾರ ಮನ್ಯಾಗ ಏನರ ಮರ್ತ ಬಂದ್ರೇನ್ರಿ?"

"ಹೂಂ, ಇನ್ನೊಂದು ಹದಿನೈದು ದಿನ ಇರೂದು ಮರ್ತ ಬಂದೀನಿ."